ಕಾದಂಬರಿ ನಂಬಿ ಕೆಲಸ ಬಿಡಬಹುದಾ?

ಅರಸೀಕೆರೆ ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ನನ್ನ ಮೊದಲ ಕಾದಂಬರಿ ಹೋದ ವರ್ಷ ಬಂತು. ಸಾವಿರ ಪ್ರತಿ ಹಾಕಿದ್ದರು, ಹೆಚ್ಚುಕಡಿಮೆ ಮುಗಿದಿದೆ ಅಂತ ಪ್ರಕಾಶಕರು ಹೇಳುತ್ತಾರೆ. ಎರಡನೆಯದು ಅರ್ಧ ಆಗಿದೆ. ನನ್ನದು ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ಮಾರ್ಚ್ ಲೆಕ್ಕ ಶುರುವಾದರೆ ಒಂದು ಸಾಲೂ ಬರೆಯಲು ಆಗುವುದಿಲ್ಲ. ಮತ್ತೆ ಹಿಡಿದಾಗ ಪಾತ್ರಗಳ ಹೆಸರೇ ಮರೆತಿರುತ್ತದೆ.

ಕೈಯಲ್ಲಿ ಸ್ವಲ್ಪ ಉಳಿತಾಯ ಇದೆ. ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೇ ಕೂರೋಣ ಅನಿಸುತ್ತಿದೆ. ಮನೆಯಲ್ಲಿ "ಇನ್ನೂ ಎರಡು ಪುಸ್ತಕ ಬರಲಿ, ಆಮೇಲೆ ನೋಡೋಣ" ಅಂತಾರೆ. ಪ್ರಕಾಶಕರು ಮುಂದಿನ ಮೂರು ಕಾದಂಬರಿ ತಮಗೇ ಕೊಡಬೇಕು, "ಎಲ್ಲ ಹಕ್ಕುಗಳೂ" ತಮ್ಮದು ಅಂತ ಒಂದು ಒಪ್ಪಂದ ಕಳಿಸಿದ್ದಾರೆ. ಒಂದೇ ಪುಟ. ಸಹಿ ಹಾಕಲಾ? ಕನ್ನಡದಲ್ಲಿ ಕಾದಂಬರಿ ಬರೆದೇ ಜೀವನ ಮಾಡುತ್ತಿರುವವರು ನಿಜಕ್ಕೂ ಇದ್ದಾರಾ? ಸುಮ್ನೆ ಸಮಾಧಾನ ಹೇಳಬೇಡಿ, ಲೆಕ್ಕ ಹೇಳಿ.

ಅಂಗಡಿ ಮೂಲೆ

ಲೆಕ್ಕ ಕೇಳಿದ್ದೀರಿ, ಹೇಳುತ್ತೇನೆ. ನಾನು ಪುಸ್ತಕದ ಅಂಗಡಿಯಲ್ಲಿ ಬಿಲ್ ಹಾಕುವವನು.

250 ಪುಟದ ಕಾದಂಬರಿ, ಬೆಲೆ 300 ರೂಪಾಯಿ ಅಂದುಕೊಳ್ಳಿ. ರಾಯಲ್ಟಿ, ಅಂದರೆ ಲೇಖಕರ ಪಾಲು, ಶೇಕಡಾ 10 ಆದರೆ ಪ್ರತಿಗೆ 30. ಸಾವಿರ ಪ್ರತಿ ಹೋದರೆ 30,000. ಅದು ಹೋಗಲು ಎರಡು ವರ್ಷ ಹಿಡಿದರೆ ವರ್ಷಕ್ಕೆ 15,000. ತಿಂಗಳಿಗೆ 1,250. ನಮ್ಮ ಕಡೆ ಒಂದು ರೂಮಿನ ಕರೆಂಟ್, ನೀರಿನ ಬಿಲ್ಲಿಗೆ ಸರಿಹೋಯಿತು.

ಹಾಗಂತ ಪ್ರಕಾಶಕರು ದೋಚುತ್ತಾರೆ ಅಂತ ನಾನು ಹೇಳುವುದಿಲ್ಲ. ಆ 300ರಲ್ಲಿ ಅಂಗಡಿಯವರ ಕಮಿಷನ್ನೇ ಮೂರನೇ ಒಂದು ಪಾಲು, ಕೆಲವೊಮ್ಮೆ ಜಾಸ್ತಿ. ಆಮೇಲೆ ಕಾಗದ, ಅಚ್ಚು, ಬೈಂಡಿಂಗ್, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು), ಮುಖಪುಟದ ಕಲಾವಿದರಿಗೆ, ಗೋಡೌನಿಗೆ, ಕೊರಿಯರಿಗೆ. ಅಂಗಡಿಯವರು ದುಡ್ಡು ಕೊಡುವುದು ತಡ. ಇದು ನಮಗೂ ಗೊತ್ತು.

ಒಂದು ವಿಷಯ ಕೇಳಿ. "ಮುಗಿದಿದೆ" ಅಂದರೆ ಏನು? ಗೋಡೌನಿನಿಂದ ಹೋಗಿದೆಯಾ, ಅಂಗಡಿಯಿಂದ ಹೋಗಿದೆಯಾ? ನಮ್ಮ ಕಪಾಟಿನಲ್ಲಿ ಕೂತ ಪ್ರತಿ ವಾಪಸ್ಸೂ ಹೋಗಬಹುದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿ ಒಟ್ಟಿಗೇ ಹೋಗುತ್ತದೆ, ಆದರೆ ಅದಕ್ಕೆ ಪುಟದ ಲೆಕ್ಕದ ದರ, ಮುಖಬೆಲೆ ಅಲ್ಲ. ಆ 300 ಬಿಟ್ಟು ಎಷ್ಟು ಹೋಯಿತು ಅಂತ ಕೇಳಿ. ನಿಮ್ಮ ನಿಜವಾದ ಓದುಗರ ಸಂಖ್ಯೆ ಅದು.

ಹಳೇ ಸಂಚಿಕೆ

ಬರೆದೇ ಬದುಕಿದವರು ಇದ್ದರು. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ತರಾಸು ಕೂಡ ಬರವಣಿಗೆ ನಂಬಿಕೊಂಡೇ ಇದ್ದವರು. ಅವರ ಹಿಂದಿನ ತಲೆಮಾರಿನಲ್ಲಿ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಈಗ ನಾವು ಇನ್‌ಸ್ಟಾಗ್ರಾಂನಲ್ಲಿ ಮುಖಪುಟ ಹಾಕಲು ನಾಚಿಕೊಳ್ಳುತ್ತೇವೆ.

ಆದರೆ ಆ ಕಾಲಕ್ಕೂ ಈ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಆಗ ಮಧ್ಯಾಹ್ನದ ಹೊತ್ತು ಕಳೆಯಲು ಟಿವಿ ಇರಲಿಲ್ಲ. ಬೀದಿಗೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು, ದಿನಕ್ಕೆ ಇಷ್ಟು ಪೈಸೆ ಅಂತ ಬಾಡಿಗೆ. ನಮ್ಮಮ್ಮ ರಟ್ಟು ಕಿತ್ತುಹೋದ ತ್ರಿವೇಣಿ ಕಾದಂಬರಿ ತಂದು, ಎದುರುಮನೆಯವರು ಓದಿ ಮುಗಿಸುವವರೆಗೂ ಇಟ್ಟುಕೊಂಡು ಒಂದೇ ಬಾಡಿಗೆಗೆ ಎರಡು ಮನೆ ಓದುತ್ತಿತ್ತು. ವಾರಪತ್ರಿಕೆಗಳಲ್ಲಿ ಧಾರಾವಾಹಿ. 'ಸುಧಾ' 1965ರಲ್ಲಿ ಶುರುವಾದದ್ದು, ಅಲ್ಲಿಂದ ಎಷ್ಟು ವರ್ಷ ಧಾರಾವಾಹಿಗಾಗಿಯೇ ಪತ್ರಿಕೆ ಕಾಯುವವರಿದ್ದರು. ಲೇಖಕರಿಗೆ ಮೊದಲು ಪತ್ರಿಕೆಯಿಂದ ಸಂಭಾವನೆ, ಆಮೇಲೆ ಪುಸ್ತಕದಿಂದ, ಅದೃಷ್ಟ ಇದ್ದರೆ ಸಿನಿಮಾದಿಂದ. ಒಂದೇ ಕಾದಂಬರಿ ಮೂರು ಸಲ ದುಡಿಯುತ್ತಿತ್ತು. 1972ರ 'ನಾಗರಹಾವು' ತರಾಸು ಅವರ ಮೂರು ಕಾದಂಬರಿಗಳಿಂದ ಆದ ಸಿನಿಮಾ, ಗೊತ್ತಲ್ಲ.

ಆ ಮೂರು ದಾರಿಯಲ್ಲಿ ಧಾರಾವಾಹಿ ಬಹುಪಾಲು ಮುಚ್ಚಿಹೋಗಿದೆ. ಹಾಗಾಗಿ ಅನಕೃ ಬದುಕಿದರಲ್ಲ ಅಂತ ಇವತ್ತು ಕೆಲಸ ಬಿಡುವುದು ಸರಿಯಲ್ಲ.

ಕಾಫಿ ಸೀಮೆ

ನಾವು ದೊಡ್ಡವರು ಅನ್ನುವ ಕಾದಂಬರಿಕಾರರ ಪಟ್ಟಿ ತೆಗೆಯಿರಿ. ಕುವೆಂಪು ಮೇಷ್ಟ್ರು, ಆಮೇಲೆ ಕುಲಪತಿ. ಭೈರಪ್ಪ ತತ್ತ್ವಶಾಸ್ತ್ರದ ಅಧ್ಯಾಪಕರು. ಅನಂತಮೂರ್ತಿ ಇಂಗ್ಲಿಷ್ ಮೇಷ್ಟ್ರು. ಕೆ.ಎನ್. ಗಣೇಶಯ್ಯ ಕೃಷಿ ವಿಜ್ಞಾನಿ. ತೇಜಸ್ವಿ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದರು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದ ಬಾನು ಮುಷ್ತಾಕ್ ಹಾಸನದ ವಕೀಲರು. ಅದು ಕಥಾಸಂಕಲನಕ್ಕೆ ಬಂದದ್ದು, ಬಹುಮಾನದ 50,000 ಪೌಂಡನ್ನು ಅನುವಾದಕಿ ದೀಪಾ ಭಾಸ್ತಿ ಜೊತೆ ಸಮಪಾಲು.

ಕೆಲಸ ಇದ್ದದ್ದರಿಂದ ಅವರ ಬರವಣಿಗೆ ಕೆಟ್ಟಿತು ಅಂತ ಯಾರಾದರೂ ಹೇಳುತ್ತಾರಾ? ಸಂಬಳ ಇದ್ದರೆ ಪ್ರಕಾಶಕರಿಗೆ "ಬೇಡ" ಅನ್ನುವ ಧೈರ್ಯ ಇರುತ್ತದೆ. ನನ್ನ ಮಟ್ಟಿಗೆ ಅಷ್ಟೇ ವಾದ.

ಅರಸೀಕೆರೆ ಪ್ಯಾಸೆಂಜರ್

ಕಾಫಿ ಸೀಮೆ ಸರ್, ಅಧ್ಯಾಪಕರಿಗೆ ಬೇಸಿಗೆ ರಜೆ ಇರುತ್ತದೆ. ನನಗೆ ಏಪ್ರಿಲ್‌ನಲ್ಲಿ ಆಡಿಟರ್ ಬರುತ್ತಾರೆ. ಮೇಷ್ಟ್ರ ಕೆಲಸವನ್ನೂ ಸಿಲ್ಕ್‌ ಬೋರ್ಡಿನ ಟ್ರಾಫಿಕ್ ದಾಟಿ ಹೋಗಿಬರುವ ಕೆಲಸವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮೂರನೇ ಪ್ರೂಫ್

ಈ ಮಾತು ಒಪ್ಪುತ್ತೇನೆ. ಮನೆಗೆಲಸ ಮುಗಿಸಿ ಬರೆಯುವ ಹೆಂಗಸರ ಸಮಯದ ಲೆಕ್ಕವನ್ನೂ ಯಾರೂ ಆ ಪಟ್ಟಿಯಲ್ಲಿ ಹಾಕುವುದಿಲ್ಲ ನೋಡಿ. ಎಂ.ಕೆ. ಇಂದಿರಾ ಬರೆಯಲು ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ. ಹುಟ್ಟಿದ್ದು 1917, ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963. ಅಷ್ಟು ತಡವಾಗಿ ಶುರು ಮಾಡಿಯೂ 'ಫಣಿಯಮ್ಮ' ಬರೆದರು. ಹಾಗಾಗಿ ಮೂವತ್ತರ ಆಸುಪಾಸಿನವರು "ಈಗ ಬಿಟ್ಟರೆ ಮತ್ತಿಲ್ಲ" ಅಂತ ಗಾಬರಿಯಾಗುವುದು ಬೇಡ.

ನಾನು ಹೊಟ್ಟೆಪಾಡಿಗೆ ಪ್ರೂಫ್ ನೋಡುತ್ತೇನೆ, ಅಂದರೆ ಅಚ್ಚಿಗೆ ಹೋಗುವ ಮೊದಲು ತಪ್ಪು ತಿದ್ದುತ್ತೇನೆ, ಜೊತೆಗೆ ಕಾದಂಬರಿ ಬರೆಯುತ್ತೇನೆ. ನನಗೆ ಕಂಡದ್ದು ಇಷ್ಟು. ಕಾದಂಬರಿಕಾರರನ್ನು ಸಾಕುವುದು ಹೊಸ ಪುಸ್ತಕ ಅಲ್ಲ, ಹಳೆಯ ಪುಸ್ತಕ. ಹೊಸದು ಬಂದಾಗ ಮೂರು ತಿಂಗಳು ಸದ್ದು. ಆಮೇಲೆ ಅದನ್ನು ಓದಿದವರು "ಇವರದ್ದು ಬೇರೆ ಯಾವುದಿದೆ?" ಅಂತ ಅಂಗಡಿಗೆ ಹೋಗುತ್ತಾರೆ. ಆಗ ನಿಮ್ಮ ಮೊದಲನೆಯದು, ಎರಡನೆಯದು ಅಲ್ಲಿ ಸಿಗಬೇಕು. "ಪ್ರತಿಗಳು ಮುಗಿದಿವೆ" ಅನ್ನುವುದು ಹೆಮ್ಮೆಯ ಮಾತಲ್ಲ, ನಷ್ಟದ ಮಾತು. ನಿಮ್ಮ ಪ್ರಕಾಶಕರನ್ನು ಮೊದಲು ಕೇಳಬೇಕಾದ್ದು ಮುಂದಿನ ಮೂರು ಕಾದಂಬರಿಯ ವಿಚಾರ ಅಲ್ಲ. ಮೊದಲನೆಯದರ ಮರುಮುದ್ರಣ ಯಾವಾಗ ಅಂತ. ತೇಜಸ್ವಿಯವರ ಪುಸ್ತಕ ಯಾವ ಅಂಗಡಿಗೆ, ಯಾವ ವರ್ಷ ಹೋದರೂ ಸಿಗುತ್ತದೆ. ಅವರು ಹೋಗಿದ್ದು 2007ರಲ್ಲಿ.

ಈಗ ಡಿಜಿಟಲ್ ಮುದ್ರಣದಲ್ಲಿ 100, 200 ಪ್ರತಿ ಹಾಕಿಸಬಹುದು. ಪ್ರತಿಗೆ ಖರ್ಚು ಜಾಸ್ತಿ, ಆದರೆ ಪುಸ್ತಕ ಮಾರುಕಟ್ಟೆಯಿಂದ ಮಾಯವಾಗುವುದಿಲ್ಲ. ನಾನು ಪ್ರೂಫ್ ನೋಡಿದ ಒಂದು ಒಳ್ಳೆಯ ಕಾದಂಬರಿ ಬರೀ ಇದೊಂದು ಕಾರಣಕ್ಕೆ ಸತ್ತುಹೋಯಿತು. ಮೊದಲ ಮುದ್ರಣ ಖಾಲಿ, ಎರಡನೆಯದಕ್ಕೆ ಪ್ರಕಾಶಕರು ಮನಸ್ಸು ಮಾಡಲಿಲ್ಲ, ಹಕ್ಕನ್ನು ವಾಪಸ್ಸೂ ಕೊಡಲಿಲ್ಲ. ಆ ಲೇಖಕರು ಈಗ ಬರೆಯುತ್ತಿಲ್ಲ.

ಮಾರ್ಚ್ ತಿಂಗಳ ಸಮಸ್ಯೆಗೆ ನನ್ನ ಉಪಾಯ: ಬರೆಯಲು ಆಗದಿದ್ದರೆ ಬರೆಯಬೇಡಿ. ಆದರೆ ಹಸ್ತಪ್ರತಿಯನ್ನು ಮುಟ್ಟದೆ ಇರಬೇಡಿ. ಬಸ್ಸಿನಲ್ಲಿ ನಿಮ್ಮದೇ ಒಂದು ಅಧ್ಯಾಯವನ್ನು ಫೋನಿನಲ್ಲಿ ಕೇಳಿ, ಓದಿಸುವ ಆ್ಯಪ್‌ಗಳಿವೆ. ದನಿ ಯಂತ್ರದ್ದು, ಚೆನ್ನಾಗಿರುವುದಿಲ್ಲ. ಅದಕ್ಕೇ ಎಡವುವ ವಾಕ್ಯ ಚೆನ್ನಾಗಿ ಗೊತ್ತಾಗುತ್ತದೆ. ಪಾತ್ರಗಳ ಹೆಸರು, ವಯಸ್ಸು, ಯಾರು ಯಾರಿಗೆ ಏನಾಗಬೇಕು, ಯಾವ ಅಧ್ಯಾಯ ಯಾವ ತಿಂಗಳಲ್ಲಿ ನಡೆಯುತ್ತದೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. 180ನೇ ಪುಟದಲ್ಲಿ ವಿಧವೆಯಾಗಿರುವ ಅತ್ತೆ 210ನೇ ಪುಟದಲ್ಲಿ ಗಂಡನಿಗೆ ಕಾಫಿ ಕೊಡುವುದನ್ನು ನಾನು ನೋಡಿದ್ದೇನೆ.

ಕಂತು ಕಥೆ

ಹಳೇ ಸಂಚಿಕೆ ಅವರು ಧಾರಾವಾಹಿ ಮುಚ್ಚಿಹೋಯಿತು ಅಂದರು. ಎಲ್ಲಿ ಮುಚ್ಚಿದೆ? ಕಥೆ ಓದುವ ಆ್ಯಪ್ ಪ್ರತಿಲಿಪಿ ತೆರೆದು ನೋಡಿ. ನಾನು ಅಲ್ಲಿ ವಾರಕ್ಕೆ ಮೂರು ಕಂತು ಹಾಕುತ್ತೇನೆ. ಕಂತಿನ ಕೊನೆಗೆ ಓದುಗರು ಜಗಳಕ್ಕೇ ಬರುತ್ತಾರೆ, "ನಾಯಕಿಗೆ ಯಾಕೆ ಹೀಗೆ ಮಾಡಿದಿರಿ" ಅಂತ. ಚಂದಾದಾರರು ಇದ್ದರೆ ತಿಂಗಳು ತಿಂಗಳು ದುಡ್ಡು ಬರುತ್ತದೆ, ವರ್ಷಕ್ಕೊಮ್ಮೆ ರಾಯಲ್ಟಿ ಪತ್ರ ಕಾಯುವ ಕಷ್ಟ ಇಲ್ಲ. ಒಂದು ತಿಂಗಳು ಒಳ್ಳೆಯದು, ಇನ್ನೊಂದು ತಿಂಗಳು ಪೆಟ್ರೋಲಿಗೂ ಸಾಲದು, ಅದೂ ನಿಜ. ಆದರೆ ಸಾಹಿತ್ಯದವರು ಇದನ್ನು ಬರವಣಿಗೆ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಳೇ ಸಂಚಿಕೆ

ಬೇಜಾರು ಮಾಡಿಕೊಳ್ಳಬೇಡಿ. ಧಾರಾವಾಹಿ ಹೊಸ ಮನೆಗೆ ಹೋಗಿದೆ ಅಂತ ತಿದ್ದಿ ಓದಿಕೊಳ್ಳಿ. ನನ್ನ ತಕರಾರು ಒಂದೇ. ಪತ್ರಿಕೆಯಲ್ಲಿ ಒಬ್ಬ ಸಂಪಾದಕ ಇರುತ್ತಿದ್ದ. "ಈ ಎರಡು ಕಂತು ಎಳೆದಿದ್ದೀರಿ" ಅಂತ ಹೇಳುವವ. ನಿಮಗೆ ಯಾರು ಹೇಳುತ್ತಾರೆ?

ಕಂತು ಕಥೆ

ಓದುಗರು ಹೇಳುತ್ತಾರೆ. ಎಳೆದರೆ ಬಿಟ್ಟುಹೋಗುತ್ತಾರೆ, ಸಂಪಾದಕರಷ್ಟು ಮರ್ಯಾದೆಯಿಂದ ಹೇಳುವುದಿಲ್ಲ ಅಷ್ಟೇ. ಆದರೆ ಒಂದು ಮಾತು ಒಪ್ಪುತ್ತೇನೆ. ಕಂತಿಗೆ ಬರೆದದ್ದನ್ನು ಹಾಗೇ ಪುಸ್ತಕ ಮಾಡಬಾರದು. ಪ್ರತಿ ಅಧ್ಯಾಯದ ಕೊನೆಗೂ ಬಾಗಿಲು ತಟ್ಟುವ ಸದ್ದು ಬಂದರೆ ಪುಸ್ತಕದಲ್ಲಿ ನಗು ಬರುತ್ತದೆ.

ತುಮಕೂರು ಕೋರ್ಟು

ಒಂದು ಪುಟದ ಒಪ್ಪಂದದ ವಿಷಯಕ್ಕೆ ಯಾರೂ ಬರಲಿಲ್ಲ. ನಾನು ವಕೀಲಿ ಮಾಡುವವನು, ಜೊತೆಗೆ ಕಾದಂಬರಿ ಓದುವವನು.

ಸಹಿ ಹಾಕಬೇಡಿ, ಸದ್ಯಕ್ಕೆ. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ಓದಿ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಲ್ಟಿ, ಎಲ್ಲ ಬರೆದಿರಬೇಕು. ಕಾಲ ಬರೆಯದಿದ್ದರೆ 5 ವರ್ಷ ಅಂತ ಅರ್ಥ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಥರ ಹೇಳಿರದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ಕಾಯ್ದೆ ಲೇಖಕರ ಕಡೆಗೇ ವಾಲಿದೆ. ಆದರೆ "ಶಾಶ್ವತವಾಗಿ, ಪ್ರಪಂಚದಾದ್ಯಂತ" ಅಂತ ನೀವೇ ಬರೆದುಕೊಟ್ಟರೆ ಕಾಯ್ದೆ ಏನು ಮಾಡೀತು?

"ಎಲ್ಲ ಹಕ್ಕುಗಳು" ಅಂದರೆ ಕನ್ನಡ ಮುದ್ರಿತ ಪುಸ್ತಕ ಒಂದೇ ಅಲ್ಲ. ಇ-ಪುಸ್ತಕ, ಆಡಿಯೋ, ಅನುವಾದ, ನಾಟಕ, ಸಿನಿಮಾ, ವೆಬ್ ಸರಣಿ ಎಲ್ಲ ಸೇರಿತು. ಪ್ರಕಾಶಕರಿಗೆ ಕನ್ನಡದ ಮುದ್ರಣ ಹಕ್ಕು ಕೊಡಿ, ಇಷ್ಟು ವರ್ಷ ಅಂತ ಕೊಡಿ. ಇಷ್ಟು ತಿಂಗಳು ಪ್ರತಿ ಸಿಗದಿದ್ದರೆ ಹಕ್ಕು ತಾನಾಗಿ ವಾಪಸ್ ಅಂತ ಒಂದು ಸಾಲು ಸೇರಿಸಿ. ಮೂರನೇ ಪ್ರೂಫ್ ಮೇಡಂ ಹೇಳಿದ ಆ ಲೇಖಕರಿಗೆ ಈ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ವರ್ಷಕ್ಕೊಮ್ಮೆ ಮಾರಾಟದ ಲೆಕ್ಕ ಬರವಣಿಗೆಯಲ್ಲಿ ಕೊಡಬೇಕು ಅಂತಲೂ ಹಾಕಿ.

ಮುಂದಿನ ಮೂರು ಕಾದಂಬರಿಯ ಮಾತು. ಇನ್ನೂ ಬರೆಯದ ಕೃತಿಯ ಹಕ್ಕನ್ನೂ ಕಾನೂನಿನಲ್ಲಿ ಕೊಡಬಹುದು. ಅದಕ್ಕೇ ಎಚ್ಚರ ಬೇಕು. "ಮೊದಲು ನಿಮಗೆ ತೋರಿಸುತ್ತೇನೆ, ಎರಡು ತಿಂಗಳಲ್ಲಿ ಉತ್ತರ ಬಾರದಿದ್ದರೆ ಬೇರೆ ಕಡೆ ಕೊಡುತ್ತೇನೆ" ಅನ್ನುವುದು ಇಬ್ಬರಿಗೂ ನ್ಯಾಯ.

ಇದು ಎಷ್ಟು ದೂರದ ಮಾತು ಅಂದರೆ, ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ತ್ರಿವೇಣಿ 1963ರಲ್ಲಿ ಹೋದರು. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕು ಮುಗಿದದ್ದು 2023ರ ಕೊನೆಗೆ. 'ಬೆಳ್ಳಿ ಮೋಡ' ಸಿನಿಮಾ ಬಂದದ್ದು 1967ರಲ್ಲಿ, 'ಶರಪಂಜರ' ಅದರ ನಂತರ. ಎರಡೂ ಅವರು ಹೋದ ಮೇಲೆ. ಒಂದು ಪುಟಕ್ಕೆ ಸಹಿ ಹಾಕುವಾಗ ನಿಮ್ಮ ಮಕ್ಕಳ ಪಾಲನ್ನೂ ಬರೆದುಕೊಡುತ್ತಿದ್ದೀರಿ.

ಸಾಧನಕೇರಿ

ಪ್ರಕಾಶಕರ ಹಂಗೇ ಬೇಡ ಅನ್ನುವವರಿಗೂ ನಮ್ಮಲ್ಲಿ ದಾರಿ ಇತ್ತು ರೀ. ಧಾರವಾಡದ ಮನೋಹರ ಗ್ರಂಥಮಾಲಾ 1933ರಿಂದ ಇದೆ. ಚಂದಾದಾರರನ್ನು ಮಾಡಿಕೊಂಡು, ಪುಸ್ತಕ ಬರುವ ಮೊದಲೇ ಓದುಗರನ್ನು ಹಿಡಿದಿಟ್ಟುಕೊಂಡ ಪದ್ಧತಿ. ಕಾರಂತರು ಪುತ್ತೂರಿನಲ್ಲಿ ಸ್ವಂತ ಪ್ರೆಸ್ಸನ್ನೇ ನಡೆಸಿದರು. ಕಥೆಗಾರ ವಸುಧೇಂದ್ರ ಸಾಫ್ಟ್‌ವೇರ್ ಕೆಲಸ ಬಿಟ್ಟರು, ಛಂದ ಪುಸ್ತಕ ಅನ್ನುವ ಪ್ರಕಾಶನ ಕಟ್ಟಿ ತಮ್ಮದರ ಜೊತೆ ಹೊಸಬರ ಪುಸ್ತಕವನ್ನೂ ತಂದರು. ಈಗ ವಾಟ್ಸಾಪ್‌ನಲ್ಲಿ ಮುಂಗಡ ಬುಕಿಂಗ್ ತೆಗೆದುಕೊಂಡು 300 ಪ್ರತಿ ಹಾಕುವವರು ಎಷ್ಟೋ ಮಂದಿ. ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆಗೆ ಸರ್ಕಾರ ದುಡ್ಡು ತೆಗೆದುಕೊಳ್ಳುವುದಿಲ್ಲ, ಆನ್‌ಲೈನ್ ಅರ್ಜಿ ಹಾಕಿದರಾಯಿತು. ಮೊದಲ ಪುಸ್ತಕದ ಹುಡುಗ ಹುಡುಗಿಯರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ.

ಅಂಗಡಿ ಮೂಲೆ

ಸಾಧನಕೇರಿ ಸರ್, ಒಪ್ಪಿದೆ, ಆದರೆ ಅರ್ಧ ಮಾತ್ರ. ಸ್ವಂತ ಪ್ರಕಟಣೆ ಅಂದರೆ ಪಾರ್ಸೆಲ್ ಕಟ್ಟುವುದು, ಅಂಚೆ ಕಚೇರಿಯಲ್ಲಿ ಸಾಲು ನಿಲ್ಲುವುದು, "ಸಾರ್ ನನ್ನ ಪ್ರತಿ ಇನ್ನೂ ಬಂದಿಲ್ಲ" ಅನ್ನುವವರಿಗೆ ಉತ್ತರ ಕೊಡುವುದು, ಅಂಗಡಿಯಿಂದ ಬಾಕಿ ವಸೂಲಿ. ಬರೆಯಲು ಅಂತ ಕೆಲಸ ಬಿಟ್ಟವರು ಕೊನೆಗೆ ಟೇಪು ಕತ್ತರಿ ಹಿಡಿದು ಕೂತಿರುತ್ತಾರೆ. ಆ ಕೆಲಸ ಇಷ್ಟ ಇದ್ದವರಿಗೆ ಸರಿ. ಪ್ಯಾಸೆಂಜರ್ ಅವರು ಅಕೌಂಟ್ಸ್‌ನವರು, ಇನ್‌ವಾಯ್ಸ್ ಆದರೂ ಸರಿಯಾಗಿ ಹಾಕುತ್ತಾರೆ!

ಬೆನ್ನುಡಿ

ಬಿಡುಗಡೆ ಸಮಾರಂಭದ ಬಗ್ಗೆ ಯಾರೂ ಹೇಳಲಿಲ್ಲ. ಸಭಾಂಗಣದ ಬಾಡಿಗೆ, ಉಪ್ಪಿಟ್ಟು ಕೇಸರಿಬಾತ್, ಅತಿಥಿಗಳಿಗೆ ಶಾಲು ಹಣ್ಣು, ಬ್ಯಾನರ್. ಬಹಳ ಕಡೆ ಇದು ಲೇಖಕರ ಜೇಬಿನಿಂದ. ಸಾವಿರ ಪ್ರತಿಯ ರಾಯಲ್ಟಿ ಒಂದು ಭಾನುವಾರ ಬೆಳಗ್ಗೆ ಖರ್ಚಾಗುತ್ತದೆ. ಮಾತಾಡಿದ ಮೂವರಲ್ಲಿ ಒಬ್ಬರು ಪುಸ್ತಕ ಓದಿರುವುದಿಲ್ಲ, ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅದರ ಬದಲು ನಾಲ್ಕು ಊರಿನ ಕಾಲೇಜುಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡಿ. ನನ್ನ ಪುಸ್ತಕ ಜಾಸ್ತಿ ಹೋದದ್ದು ಹಾಗೆ.

ಪ್ರಶಸ್ತಿ ನಂಬಿಕೊಂಡೂ ಲೆಕ್ಕ ಹಾಕಬೇಡಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಮೊತ್ತ 1 ಲಕ್ಷ. ವರ್ಷಕ್ಕೆ ಇಡೀ ಕನ್ನಡಕ್ಕೆ ಒಬ್ಬರಿಗೆ.

ಕಾಫಿ ಸೀಮೆ

ಉಪ್ಪಿಟ್ಟು ಕೇಸರಿಬಾತ್ ಇಲ್ಲದಿದ್ದರೆ ನಾನು ಬರುವುದಿಲ್ಲ, ಈಗಲೇ ಹೇಳಿದ್ದೇನೆ.

ಎರಡನೇ ಮಹಡಿ

ಇಷ್ಟೆಲ್ಲ ಯಾಕೆ? ಕನ್ನಡದಲ್ಲಿ ಓದುವವರೇ ಇಲ್ಲ. ಇಂಗ್ಲಿಷ್‌ನಲ್ಲಿ ಬರೆಯಿರಿ.

ಅಂಗಡಿ ಮೂಲೆ

ಬನ್ನಿ ಸರ್, ನವೆಂಬರ್‌ನಲ್ಲಿ ಒಂದು ದಿನ ನಮ್ಮ ಅಂಗಡಿಯಲ್ಲಿ ನಿಂತುಕೊಳ್ಳಿ. ರಿಯಾಯಿತಿ ಮಾರಾಟದ ದಿನ ಬಿಲ್ ಹಾಕಿ ಕೈ ನೋಯುತ್ತದೆ. ಭೈರಪ್ಪನವರ 'ಆವರಣ' 2007ರಲ್ಲಿ ಬಂದಾಗ ಮುದ್ರಣದ ಮೇಲೆ ಮುದ್ರಣ ಆಯಿತು. ಓದುಗರು ಇದ್ದಾರೆ. ಹೊಸ ಹೆಸರನ್ನು ನಂಬಿ 300 ಕೊಡಲು ಅವರು ಯೋಚಿಸುತ್ತಾರೆ, ಅದು ಬೇರೆ ವಿಷಯ. ಇಂಗ್ಲಿಷ್‌ನಲ್ಲಿ ಹೊಸಬರ ಕಾದಂಬರಿ ಎಷ್ಟು ಹೋಗುತ್ತದೆ ಅಂತ ಪಕ್ಕದ ಕಪಾಟು ನನಗೇ ಗೊತ್ತು.

ಅರಸೀಕೆರೆ ಪ್ಯಾಸೆಂಜರ್

ಎಲ್ಲ ಓದಿದೆ. ಇವತ್ತು ಪ್ರಕಾಶಕರಿಗೆ ಫೋನ್ ಮಾಡಿದ್ದೆ. ಸಾವಿರದಲ್ಲಿ ಸಗಟು ಖರೀದಿಗೆ ಹೋದದ್ದು 300, ಅಂಗಡಿಗಳಲ್ಲಿ ಇನ್ನೂ ಇರುವುದು "ಒಂದಿನ್ನೂರು ಇರಬಹುದು". ಅಂದರೆ ಓದುಗರು ದುಡ್ಡು ಕೊಟ್ಟು ಕೊಂಡದ್ದು ಐನೂರರ ಹತ್ತಿರ. ಅಂಗಡಿ ಮೂಲೆ ಅಣ್ಣ, ನೀವು ಹೇಳಿದ ಪ್ರಶ್ನೆ ಕೇಳಿದ ತಕ್ಷಣ ಅವರ ದನಿ ಬದಲಾಯಿತು. ಆದರೆ ಮನುಷ್ಯ ಕೆಟ್ಟವರಲ್ಲ. ಹಕ್ಕು ವಾಪಸ್ಸಿನ ಸಾಲು ಸೇರಿಸಲು ಒಪ್ಪಿದರು. ಸಿನಿಮಾ ಹಕ್ಕಿನಲ್ಲಿ ಅರ್ಧ ಪಾಲು ಬೇಕು ಅಂತ ಹಠ ಹಿಡಿದಿದ್ದಾರೆ.

ಕೆಲಸ ಸದ್ಯಕ್ಕೆ ಬಿಡುವುದಿಲ್ಲ. ಆಡಿಟ್ ಮುಗಿದ ಮೇಲೆ ಎರಡು ತಿಂಗಳು ಸಂಬಳ ಇಲ್ಲದ ರಜೆ ಕೇಳುತ್ತೇನೆ, ಎರಡನೆಯದನ್ನು ಮುಗಿಸಲು. ಐನೂರು ಜನಕ್ಕಾಗಿ ಪೂರ್ತಿ ಬಿಡುವುದು ಹುಚ್ಚು, ಐನೂರು ಜನ ಇದ್ದಾರಲ್ಲ ಅಂತ ಖುಷಿಯೂ ಆಗಿದೆ. ಸಿನಿಮಾ ಪಾಲಿನ ಬಗ್ಗೆ ಏನು ಮಾಡಲಿ?

ತುಮಕೂರು ಕೋರ್ಟು

ಅರ್ಧ ಜಾಸ್ತಿಯಾಯಿತು. ಸಿನಿಮಾದವರನ್ನು ಪ್ರಕಾಶಕರೇ ಹುಡುಕಿ ತಂದರೆ ಇಷ್ಟು ಪರ್ಸೆಂಟ್, ಅವರು ನೇರ ನಿಮ್ಮ ಹತ್ತಿರ ಬಂದರೆ ಏನೂ ಇಲ್ಲ ಅಂತ ಬರೆಸಿ. ಹಕ್ಕು ಮಾತ್ರ ನಿಮ್ಮ ಹೆಸರಲ್ಲೇ ಇರಲಿ, ಅವರಿಗೆ ಕಮಿಷನ್ ಅಷ್ಟೇ. ಇನ್ನು ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಪುಸ್ತಕದ ರಾಯಲ್ಟಿಗೆ 3 ಲಕ್ಷದವರೆಗೆ ವಿನಾಯಿತಿ ಉಂಟು, ಹೊಸ ಪದ್ಧತಿಯಲ್ಲಿ ಇಲ್ಲ. ಅಕೌಂಟ್ಸ್‌ನವರಿಗೆ ಇದನ್ನು ನಾನು ಹೇಳಬೇಕಾ!

ಮೂರನೇ ಪ್ರೂಫ್

ರಜೆ ಸಿಕ್ಕರೆ ಒಳ್ಳೆಯದೇ ಆಯಿತು. ಹಸ್ತಪ್ರತಿ ಕೊಡುವಾಗ ಒಂದು ಕೆಲಸ ಮಾಡಿ. ನೀವು ಯೂನಿಕೋಡ್‌ನಲ್ಲಿ (ಎಲ್ಲ ಫೋನು, ಕಂಪ್ಯೂಟರಿಗೂ ಹೊಂದುವ ಅಕ್ಷರ) ಬರೆದಿರುತ್ತೀರಿ. ಎಷ್ಟೋ ಡಿಟಿಪಿ ಕಡೆ ಇನ್ನೂ ಹಳೆಯ ನುಡಿ ಫಾಂಟಿಗೆ ಬದಲಾಯಿಸಿಕೊಂಡು ಪುಟ ಕಟ್ಟುತ್ತಾರೆ. ಆಗ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ, ಉದ್ಧರಣ ಚಿಹ್ನೆ ಚೌಕವಾಗುತ್ತದೆ. ಮೂಲ ಕಡತದ ಜೊತೆ ಪಿಡಿಎಫ್ ಕೂಡ ಕೊಡಿ, ಪ್ರೂಫ್ ನೋಡುವವರು ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಕೊನೆಯ ಪ್ರೂಫನ್ನು ನೀವೇ ನೋಡಿ. ಪುಟ ಕಟ್ಟಿದ ಮೇಲೆ "ಇಲ್ಲೊಂದು ಪ್ಯಾರಾ ಸೇರಿಸಿ" ಅನ್ನಬೇಡಿ, ಒಟ್ಟಿಗೆ ಅಚ್ಚಾಗುವ ಹದಿನಾರು ಪುಟದ ಫಾರಂ ಲೆಕ್ಕ ತಪ್ಪಿದರೆ ಡಿಟಿಪಿಯವರು ಬೈಯುವುದು ನಮ್ಮನ್ನು.

ತುಮಕೂರು ಕೋರ್ಟು

ಪ್ಯಾಸೆಂಜರ್ ಅವರೇ, ಪ್ರಕಾಶಕರು ಫೋನಿನಲ್ಲಿ ಒಪ್ಪಿದ ಆ ಸಾಲನ್ನು ಇವತ್ತೇ ಇಮೇಲ್ ಮಾಡಿ ಕೇಳಿ. ತಿದ್ದಿದ ಒಪ್ಪಂದ ಬಂದರೆ ಹೆಸರು, ಮೊತ್ತ ಎಲ್ಲ ಅಳಿಸಿ ಇಲ್ಲಿ ಹಾಕಿ, ನೋಡೋಣ.